ಗಾಡಿಯ ಗೂಂ ಸದ್ದು: ಪೈಪಿನ ಬಾಯಿ ಕಟ್ಟಬೇಡಿ, ಉದ್ದ ಅಳೆಯಿರಿ

ಪ್ರಶ್ನೆ: ಸರ್, ನಮ್ಮದು ನಾಲ್ಕು ಸಿಲಿಂಡರಿನ ಟರ್ಬೊ ಡೀಸೆಲ್ ಪಿಕಪ್, ಬಿಎಸ್ 4 ಗಾಡಿ. ಕಲಬುರಗಿಯ ಗಂಜ್ ಮಾರುಕಟ್ಟೆಯಿಂದ ತೊಗರಿ ಬೇಳೆ ತುಂಬಿಕೊಂಡು ಹುಮನಾಬಾದ್, ಜಹೀರಾಬಾದ್ ಕಡೆ ವಾರಕ್ಕೆ ಮೂರು ನಾಲ್ಕು ಟ್ರಿಪ್ ಹೊಡೆಯುತ್ತೇನೆ. ಹಳೇ ಸೈಲೆನ್ಸರ್ ತುಕ್ಕು ಹಿಡಿದು ಒಡೆದಿತ್ತು. ವೆಲ್ಡಿಂಗ್ ಅಂಗಡಿಯವರು "ಫ್ರೀ ಫ್ಲೋ ಹಾಕಿಸ್ರಿ, ಎಳೆತ ಛಲೋ ಬರ್ತದ" ಅಂದರು. ಕ್ಯಾಬಿನ್ ಕೆಳಗೆ ಚಿಕ್ಕ ಸೈಲೆನ್ಸರ್ ಕೂಡಿಸಿ, ಸದ್ದು ಹಿಂದೆ ಹೋಗಲಿ ಅಂತ ಅಲ್ಲಿಂದ ಬಂಪರ್ ತನಕ 12 ಅಡಿ ಪೈಪ್ ಎಳೆದರು. ಈಗ ಖಾಲಿ ಗಾಡಿ ಐದನೇ ಗೇರಿನಲ್ಲಿ 1900 ಆರ್‌ಪಿಎಂ ಹತ್ತಿರ ಬಂದರೆ ಕ್ಯಾಬಿನ್ ಒಳಗೆ ಗೂಂ ಅಂತ ಕಿವಿ ತುಂಬುತ್ತದೆ. ಲೋಡ್ ಇದ್ದಾಗ ಅದೇ ಸದ್ದು 2000 ದಾಟಿದ ಮೇಲೆ ಬರುತ್ತದೆ. ಅದಕ್ಕಿಂತ ಮೇಲೆ ಹೋದರೂ ಇಲ್ಲ, ಕೆಳಗೆ ಇಳಿದರೂ ಇಲ್ಲ. ತಲೆ ನೋಯುತ್ತದೆ. ಒಬ್ಬ ಮಿಸ್ತ್ರಿ ಪೈಪಿನ ಬಾಯಿಗೆ ತಂತಿ ಜಾಲಿ ಹಾಕು ಅಂತಾರೆ. ಇನ್ನೊಬ್ಬರು ಹಾಕಿದರೆ ಟರ್ಬೊ ಹೋಗುತ್ತದೆ ಅಂತಾರೆ. ಎಳೆತ ಕಡಿಮೆ ಆಗದಂತೆ ಸದ್ದು ಇಳಿಸಲು ಆಗುತ್ತದೆಯೇ?
— ಕಲಬುರಗಿಯ ಓದುಗರೊಬ್ಬರು

ಉತ್ತರ: ಆಗುತ್ತದೆ. ನಿಮ್ಮ ಪತ್ರದಲ್ಲಿ ಎರಡು ಅಂಕಿಗಳಿವೆ, 1900 ಮತ್ತು 12 ಅಡಿ. ಉತ್ತರದ ಮುಕ್ಕಾಲು ಭಾಗ ಅವೆರಡರಲ್ಲೇ ಇದೆ. ಎಷ್ಟೋ ಜನ "ಸದ್ದು ಬಹಳ ಆಗ್ಯಾದ್ರಿ" ಅಂತಷ್ಟೇ ಹೇಳಿ ಕೀಲಿ ಕೈಗೆ ಕೊಟ್ಟು ಚಹಾಕ್ಕೆ ಹೋಗುತ್ತಾರೆ. ನೀವು ಮೀಟರ್ ನೋಡಿ ಬರೆದಿದ್ದೀರಿ, ಅರ್ಧ ಕೆಲಸ ಮುಗಿಸಿಕೊಟ್ಟಿದ್ದೀರಿ.

ಆದರೆ ಮೊದಲು ತಲೆನೋವಿನ ವಿಷಯ. ಗೂಂ ಸದ್ದಿಗೆ ತಲೆ ನೋಯುವುದು ನಿಜ. ಹೊಗೆಗೂ ತಲೆ ನೋಯುತ್ತದೆ. ನಿಮ್ಮ ಹೊಸ ಸೈಲೆನ್ಸರ್ ಇರುವುದು ಸೀಟಿನ ಕೆಳಗೇ, ಅದರ ಎರಡೂ ಬದಿಗೆ ಹೊಸ ವೆಲ್ಡಿಂಗ್ ಇದೆ. ಅಲ್ಲಿ ಕೂದಲೆಳೆಯಷ್ಟು ಬಿರುಕು ಇದ್ದರೂ ಹೊಗೆ ಕ್ಯಾಬಿನ್‌ಗೆ ಏರುತ್ತದೆ. ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಸ್ಟಾರ್ಟ್ ಮಾಡಿ, ಜಾಯಿಂಟುಗಳಿಗೆ ಸೋಪಿನ ನೀರು ಚಿಮುಕಿಸಿ ನೋಡಿ. ಗುಳ್ಳೆ ಬಂದರೆ ಅಲ್ಲಿ ಸೋರುತ್ತಿದೆ. ಜಾಯಿಂಟಿನ ಸುತ್ತ ಕಪ್ಪು ಮಸಿ ಗೆರೆ ಇದ್ದರೂ ಅದೇ ಅರ್ಥ. ಸೋರಿಕೆ ಇದ್ದರೆ ಇವತ್ತೇ ಮುಚ್ಚಿಸಿ, ಸದ್ದಿನ ವಿಚಾರ ಆಮೇಲೆ. ಅಲ್ಲಿಯ ತನಕ ಎಂಜಿನ್ ಚಾಲೂ ಇಟ್ಟು, ಗಾಜು ಏರಿಸಿ ಕ್ಯಾಬಿನ್‌ನಲ್ಲಿ ಮಲಗಬೇಡಿ.

ಇನ್ನು ಸದ್ದು. ನಿಮ್ಮ ಮನಸ್ಸಿನಲ್ಲಿರುವ ಅಳುಕು ಇದು: ಸದ್ದು ಕಡಿಮೆ ಆಗಬೇಕಾದರೆ ಹೊಗೆಯ ದಾರಿಗೆ ಏನಾದರೂ ಅಡ್ಡ ಹಾಕಲೇಬೇಕು, ಅಡ್ಡ ಹಾಕಿದರೆ ಎಳೆತ ಹೋಗುತ್ತದೆ. ಇದು ನಿಮ್ಮೊಬ್ಬರದ್ದಲ್ಲ. ಗ್ಯಾರೇಜಿನಲ್ಲಿ ದಿನಾ ಕೇಳುವ ಮಾತು. ಆದರೆ ಹೊಗೆ ಹರಿಯುವುದು ಒಂದು, ಸದ್ದು ಸಾಗುವುದು ಇನ್ನೊಂದು. ಒಲೆ ಊದುವ ಕೊಳವೆ ನೆನಪಿದೆಯಲ್ವಾ? ಊದಿದರೆ ಗಾಳಿ ಸಲೀಸಾಗಿ ಹೋಗುತ್ತದೆ. ಅದೇ ಕೊಳವೆಗೆ ಬಾಯಿಟ್ಟು "ಹೂಂ" ಅಂತ ಸ್ವರ ಏರಿಸುತ್ತಾ ಹೋಗಿ. ಯಾವುದೋ ಒಂದು ಸ್ವರಕ್ಕೆ ಕೊಳವೆ ತಾನೇ ಝುಂ ಅನ್ನುತ್ತದೆ, ಕೈಗೂ ಗೊತ್ತಾಗುತ್ತದೆ. ಕೊಳವೆಯ ಉದ್ದಕ್ಕೆ ಆ ಸ್ವರ ಹೊಂದಿಕೊಂಡಿತು, ಅಷ್ಟೇ. ನಿಮ್ಮ 12 ಅಡಿ ಪೈಪ್ ಮಾಡುತ್ತಿರುವುದೂ ಇದನ್ನೇ.

ಲೆಕ್ಕ ಹಾಕಿ ತೋರಿಸುತ್ತೇನೆ, ಕಷ್ಟ ಏನಿಲ್ಲ. ನಾಲ್ಕು ಸಿಲಿಂಡರಿನ ಫೋರ್ ಸ್ಟ್ರೋಕ್ ಎಂಜಿನ್ ಒಂದು ಸುತ್ತಿಗೆ ಎರಡು ಸಲ ಹೊಗೆ ಉಗುಳುತ್ತದೆ. 1900 ಆರ್‌ಪಿಎಂ ಅಂದರೆ ಸೆಕೆಂಡಿಗೆ ಸುಮಾರು 32 ಸುತ್ತು, 63 ಉಗುಳು. ಅಂದರೆ 63 ಹರ್ಟ್ಜ್ ಸದ್ದು, ಬಹಳ ತಗ್ಗು ಸ್ವರ. ಮಾಮೂಲಿ ಗಾಳಿಯಲ್ಲಿ ಸದ್ದು ಸೆಕೆಂಡಿಗೆ 340 ಮೀಟರ್ ಚಿಲ್ಲರೆ ಓಡುತ್ತದೆ. ಬಿಸಿ ಹೊಗೆಯಲ್ಲಿ ಅದಕ್ಕಿಂತ ಜೋರು. ಹೊಗೆ 250 ಡಿಗ್ರಿ ಇದ್ದರೆ ಸುಮಾರು 458 ಮೀಟರ್. ಎರಡೂ ತುದಿ ತೆರೆದ ಕೊಳವೆ, ತನ್ನ ಉದ್ದದ ಎರಡರಷ್ಟು ಉದ್ದದ ಅಲೆಗೆ ಝುಂ ಅನ್ನುತ್ತದೆ. ನಿಮ್ಮ ಪೈಪಿನ ಮುಂದಿನ ತುದಿ ಸೈಲೆನ್ಸರ್ ಡಬ್ಬಿಗೆ ಬಾಯ್ತೆರೆದಿರುವುದರಿಂದ ಅದನ್ನೂ ತೆರೆದ ತುದಿ ಅಂತಲೇ ಹಿಡಿಯೋಣ. ಪೈಪ್ 12 ಅಡಿ, ಅಂದರೆ 3.66 ಮೀಟರ್. ಎರಡರಷ್ಟು ಮಾಡಿದರೆ 7.32. ಅದರಿಂದ 458 ಅನ್ನು ಭಾಗಿಸಿ: 62.6 ಹರ್ಟ್ಜ್. ಎಂಜಿನ್ ಕೊಡುತ್ತಿರುವುದು 63.

ಲೋಡ್ ಇದ್ದಾಗ ಸದ್ದು ಯಾಕೆ ಮೇಲಕ್ಕೆ ಸರಿಯುತ್ತದೆ ಅನ್ನುವುದೂ ಇದರಲ್ಲೇ ಇದೆ. ಭಾರ ಎಳೆಯುವಾಗ ಹೊಗೆ ಇನ್ನೂ ಬಿಸಿ. 350 ಡಿಗ್ರಿಗೆ ಏರಿದರೆ ಸದ್ದು ಸೆಕೆಂಡಿಗೆ 500 ಮೀಟರ್ ಓಡುತ್ತದೆ, ಅದೇ ಪೈಪ್ ಈಗ 68 ಹರ್ಟ್ಜ್‌ಗೆ ಝುಂ ಅನ್ನುತ್ತದೆ. ಅದು ಸುಮಾರು 2050 ಆರ್‌ಪಿಎಂ. ಲೋಡ್ ಇದ್ದಾಗ 2000 ದಾಟಿದ ಮೇಲೆ ಬರುತ್ತದೆ ಅಂತ ನೀವೇ ಬರೆದಿದ್ದೀರಿ. ಪತ್ರ ಓದುವಾಗ ನನಗೆ ಖುಷಿಯಾದ ಸಾಲು ಅದು. ರೋಗ ಕ್ಯಾಬಿನ್ ತಗಡಿನದ್ದೋ ರಬ್ಬರಿನದ್ದೋ ಮಾತ್ರ ಆಗಿದ್ದರೆ, ಹೊಗೆ ಬಿಸಿಯಾದ ಮಾತ್ರಕ್ಕೆ ಹೀಗೆ ಸರಿಯುತ್ತಿರಲಿಲ್ಲ.

ಹಾಗಾದರೆ ಚಿಕ್ಕ ಸೈಲೆನ್ಸರ್ ಯಾಕೆ ತಡೆಯಲಿಲ್ಲ? ಫ್ರೀ ಫ್ಲೋ ಅಂತ ಮಾರುವ ಡಬ್ಬಿಯೊಳಗೆ ತೂತಿನ ಕೊಳವೆ, ಅದರ ಸುತ್ತ ಗ್ಲಾಸ್ ವುಲ್. ಚರಚರ, ಪಟಪಟ ಅನ್ನುವ ಮೇಲಿನ ಸ್ವರಗಳನ್ನು ಅದು ಚೆನ್ನಾಗಿ ನುಂಗುತ್ತದೆ. ಆದರೆ 63 ಹರ್ಟ್ಜ್ ಅಲೆಯ ಉದ್ದ ಏಳು ಮೀಟರಿಗಿಂತ ಜಾಸ್ತಿ. ಏಳು ಮೀಟರ್ ಅಲೆಗೆ ಎರಡು ಇಂಚು ಉಣ್ಣೆ ಯಾವ ಲೆಕ್ಕ? ಹೊರಗೆ ನಿಂತವರಿಗೆ ಗಾಡಿ ಮೆತ್ತಗೆ ಕೇಳುತ್ತದೆ, ಒಳಗೆ ಕೂತವರಿಗೆ ಕಿವಿ ತುಂಬುತ್ತದೆ. ಇನ್ನಷ್ಟು ಉಣ್ಣೆ ತುಂಬಿಸಿದರೂ ಇದೇ ಕಥೆ, ದುಡ್ಡು ದಂಡ. ಕಂಪನಿ ಸೈಲೆನ್ಸರಿನೊಳಗೆ ಎರಡು ಮೂರು ಖಾನೆಗಳಿರುತ್ತವೆ. ಅಲೆಗಳು ಅಲ್ಲಿ ಒಂದಕ್ಕೊಂದು ಎದುರಾಗಿ ಸಾಯಲಿ ಅಂತಲೇ ಖಾನೆ, ಕೊಳವೆಗಳ ಅಳತೆ ಇಟ್ಟಿರುತ್ತಾರೆ. ಡಬ್ಬಿ ದೊಡ್ಡದಿರುವುದು ಸುಮ್ನೆ ಅಲ್ಲ.

ನಿಮ್ಮ ಇಬ್ಬರು ಮಿಸ್ತ್ರಿಗಳ ಜಗಳಕ್ಕೂ ಉತ್ತರ ಹೇಳಿಬಿಡುತ್ತೇನೆ. ಜಾಲಿ ಬೇಡ. ತಗಡು, ಬೋಲ್ಟ್, ಪೈಪಿನ ಬಾಯಿ ಚಪ್ಪಟೆ ಮಾಡುವುದು, ಯಾವುದೂ ಬೇಡ. ಟರ್ಬೊ ಅಂದರೆ ಹೊಗೆಯ ಬಲದಿಂದಲೇ ತಿರುಗಿ ಎಂಜಿನ್‌ಗೆ ಗಾಳಿ ತಳ್ಳುವ ಚಕ್ರ. ದಾರಿ ಕಟ್ಟಿದರೆ ಅದರ ಹಿಂದೆ ಒತ್ತಡ ಏರುತ್ತದೆ, ಹೊಗೆ ಬಿಸಿಯಾಗುತ್ತದೆ, ಜಾಲಿಗೆ ಮಸಿ ಕಟ್ಟುತ್ತಾ ದಾರಿ ದಿನಾ ಕಿರಿದಾಗುತ್ತದೆ. ನಮ್ಮ ಕಡೆಯ ಮೇ ತಿಂಗಳ ಬಿಸಿಲಿನಲ್ಲಿ ಲೋಡ್ ಎಳೆಯುವ ಟರ್ಬೊಗೆ ಅದು ಒಳ್ಳೆಯದಲ್ಲ. ಇಷ್ಟು ಮಾಡಿದರೂ ಝುಂ ಅನ್ನುವ ಸ್ವರ ಸ್ವಲ್ಪ ಮಂದ ಆಗಬಹುದು, ಹೋಗುವುದಿಲ್ಲ. ಇದರ ಎದುರು ಬದಿಗೂ ಒಂದು ತಪ್ಪು ನಂಬಿಕೆ ಇದೆ. ಪೈಪ್ ಎಷ್ಟು ಸಡಿಲವೋ ಅಷ್ಟು ಎಳೆತ ಅಂತ. ಕಂಪನಿಯಿಂದ ಬಂದ ಹಾಗೇ ಇರುವ ಎಂಜಿನ್‌ಗೆ ಎಷ್ಟು ಡೀಸೆಲ್ ಕೊಡಬೇಕು ಅಂತ ಇಸಿಯು, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್, ನಿರ್ಧರಿಸುತ್ತದೆ. ಸೈಲೆನ್ಸರ್ ಬದಲಿಸಿದ ಮಾತ್ರಕ್ಕೆ ಅದು ಹೆಚ್ಚು ಡೀಸೆಲ್ ಕೊಡುವುದಿಲ್ಲ. ಒಡೆದ, ಒಳಗೆ ತುಕ್ಕು ಕುಸಿದು ಕಟ್ಟಿಕೊಂಡಿದ್ದ ಹಳೇ ಸೈಲೆನ್ಸರ್ ತೆಗೆದಾಗ ಎಳೆತ ಬಂದಂತೆ ಅನಿಸಿದ್ದರೆ, ಆ ಪುಣ್ಯ ಫ್ರೀ ಫ್ಲೋದ್ದಲ್ಲ. ಹೊಸ ಕಂಪನಿ ಸೈಲೆನ್ಸರ್ ಹಾಕಿದ್ದರೂ ಅಷ್ಟೇ ಬರುತ್ತಿತ್ತು.

ಏನನ್ನೂ ಕತ್ತರಿಸುವ ಮೊದಲು ಎರಡು ಪರೀಕ್ಷೆ ಮಾಡಿ. ಸದ್ದು ಬರುವ ವೇಗದಲ್ಲೇ ಗೇರ್ ಬದಲಿಸಿ, ಐದರಿಂದ ನಾಲ್ಕಕ್ಕೆ ಬನ್ನಿ. ವೇಗ ಅದೇ ಇದ್ದು ಆರ್‌ಪಿಎಂ ಏರಿದಾಗ ಸದ್ದು ಹೋಯಿತು ಅಂದರೆ ಅದು ಎಂಜಿನ್ ಕಡೆಯದು. ಗೇರ್ ಬದಲಾದರೂ ಅದೇ ವೇಗಕ್ಕೆ ಸದ್ದು ಅಂಟಿಕೊಂಡಿದ್ದರೆ ಹಿಂದಿನ ಚಕ್ರಕ್ಕೆ ಬಲ ಒಯ್ಯುವ ಜಾಯಿಂಟ್ ಶಾಫ್ಟಿನ ಸೆಂಟರ್ ಬೇರಿಂಗ್, ವೀಲ್ ಬೇರಿಂಗ್, ಟೈರ್ ನೋಡಬೇಕು. ಎರಡನೆಯದು, ಗಾಡಿ ನಿಲ್ಲಿಸಿ ಕೆಳಗೆ ಮಲಗಿ. ಪೈಪ್ ತಣ್ಣಗಿರುವಾಗ ಕೈಯಿಂದ ಅಲುಗಾಡಿಸಿ. ಸೈಲೆನ್ಸರ್ ತೂಗು ಹಾಕಿರುವ ರಬ್ಬರ್ ಮೆತ್ತಗಿಲ್ಲದೆ ಕಲ್ಲಿನಂತಾಗಿದೆಯೇ, ಪೈಪ್ ಎಲ್ಲಾದರೂ ಚಾಸಿಗೆ ತಾಗುತ್ತಿದೆಯೇ ನೋಡಿ. ವೆಲ್ಡಿಂಗ್ ಅಂಗಡಿಯಲ್ಲಿ ಅವಸರಕ್ಕೆ ರಬ್ಬರ್ ಬಿಟ್ಟು ಕಬ್ಬಿಣದ ಪಟ್ಟಿಯನ್ನೇ ಚಾಸಿಗೆ ವೆಲ್ಡ್ ಮಾಡುವುದುಂಟು. ಹಾಗೆ ಮಾಡಿದ್ದರೆ ಪೈಪಿನ ನಡುಕ ನೇರ ಕ್ಯಾಬಿನ್‌ಗೆ ಹೋಗುತ್ತದೆ. ಒಂದು ಸಲ ಮೂರು ದಿನ ಸೈಲೆನ್ಸರ್ ಬಿಚ್ಚಿ ಹಾಕಿ ಮಾಡಿ, ಕೊನೆಗೆ ಹೆಬ್ಬೆರಳು ಗಾತ್ರದ ಒಂದು ರಬ್ಬರ್ ಹಾಕಿದ ಮೇಲೆ ಸದ್ದು ಅರ್ಧ ಇಳಿದದ್ದನ್ನು ನೋಡಿ ನಾನೇ ತಲೆ ಚಚ್ಚಿಕೊಂಡಿದ್ದೇನೆ. ಎಂಜಿನ್ ಮೌಂಟಿಂಗ್ ಕುಸಿದಿದ್ದರೂ ಹೀಗೇ ಆಗುತ್ತದೆ.

ಇವೆಲ್ಲ ಸರಿ ಇದ್ದರೆ ಪೈಪಿಗೆ ಬನ್ನಿ. ನನ್ನನ್ನು ಕೇಳಿದರೆ ಮೊದಲ ಆಯ್ಕೆ, ನಿಮ್ಮ ಮಾಡೆಲ್‌ನದೇ ಖಾನೆ ಇರುವ ಸೈಲೆನ್ಸರ್ ತಂದು, ಕಂಪನಿ ಇಟ್ಟಿದ್ದ ಜಾಗದಲ್ಲೇ ಕೂಡಿಸುವುದು. ಜಾಗ ಮುಖ್ಯ. ಡಬ್ಬಿಯ ಮುಂದೆ ಎಷ್ಟು ಪೈಪ್, ಹಿಂದೆ ಎಷ್ಟು ಪೈಪ್ ಅನ್ನುವುದನ್ನೂ ಸೇರಿಸಿಯೇ ಅವರು ಅಳತೆ ಮಾಡಿರುತ್ತಾರೆ. ಇದರಿಂದ ಎಳೆತ ಹೋಗುತ್ತದೆ ಅನ್ನುವ ಹೆದರಿಕೆ ಬೇಡ, ಆ ಎಂಜಿನ್ ಮಾಡಿದ್ದೇ ಆ ಸೈಲೆನ್ಸರ್ ಲೆಕ್ಕದಲ್ಲಿಟ್ಟುಕೊಂಡು. ಎಫ್‌ಸಿಗೆ, ಅಂದರೆ ಗಾಡಿಯ ಫಿಟ್ನೆಸ್ ಸರ್ಟಿಫಿಕೇಟ್‌ಗೆ, ಹೋದಾಗಲೂ ತಕರಾರಿಲ್ಲ.

ಖರ್ಚಿಲ್ಲದ ಇನ್ನೊಂದು ದಾರಿ, ಹಿಂದಿನ ಪೈಪ್ ಗಿಡ್ಡ ಮಾಡುವುದು. ಆರು ಅಡಿಗೆ ಇಳಿಸಿ, ಹಿಂದಿನ ಚಕ್ರಕ್ಕಿಂತ ಮುಂಚೆ ಬದಿಗೆ ತಿರುಗಿಸಿದರೆ, ಝುಂ ಅನ್ನುವ ಸ್ವರ 125 ಹರ್ಟ್ಜ್‌ಗೆ ಹೋಗುತ್ತದೆ. ಅದು 3750 ಆರ್‌ಪಿಎಂ. ಬೇಳೆ ಗಾಡಿಯನ್ನು ಅಷ್ಟಕ್ಕೆ ಯಾರು ಎಳೆಯುತ್ತಾರೆ? ಆದರೆ ಇದರಲ್ಲಿ ಒಂದು ಮುಳ್ಳಿದೆ. ಹೊಗೆಯನ್ನು ಕೆಳಮುಖವಾಗಿ ಅಥವಾ ಗಾಡಿಯ ಎಡಕ್ಕೆ ಬಿಡಬಾರದು ಅಂತ ಮೋಟಾರು ವಾಹನ ನಿಯಮ ಹೇಳುತ್ತದೆ. ಉಳಿದದ್ದು ಬಲಗಡೆ, ಅಂದರೆ ನಿಮ್ಮ ಕಿಟಕಿ ಇರುವ ಕಡೆ. ಗೂಂ ಹೋಗಿ ಪಟಪಟ ಬರುತ್ತದೆ. ಬೇಸಿಗೆಯಲ್ಲಿ ಗಾಜು ಇಳಿಸಿ ಓಡಿಸುವವರು ನೀವು, ಗಂಜ್‌ನ ಜಾಮ್‌ನಲ್ಲಿ ನಿಂತಾಗ ಹೊಗೆಯೂ ಒಳಗೆ ಬರಬಹುದು. ಹಾಗಾಗಿ ಇದನ್ನು ನಾನು ಅರೆಮನಸ್ಸಿನಿಂದ ಹೇಳುತ್ತಿದ್ದೇನೆ.

ಮೂರನೆಯದು ನನಗೆ ಇಷ್ಟವಾದ ಕೆಲಸ, ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ. ಮುಖ್ಯ ಪೈಪಿಗೆ ಬದಿಯಲ್ಲಿ ಒಂದು ಕವಲು ಹಾಕಿ, ಆ ಕವಲಿನ ಇನ್ನೊಂದು ತುದಿಯನ್ನು ಪೂರ್ತಿ ಮುಚ್ಚಿಬಿಡುವುದು. ಇಂಗ್ಲಿಷಿನ ಜೆ ಅಕ್ಷರದ ಹಾಗೆ ಬಾಗಿರುವುದರಿಂದ ಜೆ ಪೈಪ್ ಅನ್ನುತ್ತಾರೆ. ಹೊಗೆ ಅದರೊಳಗೆ ಹರಿಯುವುದಿಲ್ಲ, ಯಾಕೆಂದರೆ ಹೊರಗೆ ದಾರಿಯೇ ಇಲ್ಲ. ಅದು ತನ್ನ ಪಾಡಿಗೆ ಮುಖ್ಯ ಪೈಪಿನಲ್ಲಿ ನೇರ ಹೋಗುತ್ತದೆ. ಸದ್ದಿನ ಅಲೆ ಮಾತ್ರ ಕವಲಿಗೆ ಹೊಕ್ಕು, ಮುಚ್ಚಿದ ತುದಿಗೆ ಬಡಿದು ವಾಪಸ್ ಬರುತ್ತದೆ. ಕವಲಿನ ಉದ್ದ ಅಲೆಯ ಕಾಲು ಭಾಗ ಇದ್ದರೆ, ಹೋಗಿ ಬರುವಷ್ಟರಲ್ಲಿ ಅರ್ಧ ಅಲೆ ಹಿಂದೆ ಬಿದ್ದಿರುತ್ತದೆ. ಮುಖ್ಯ ಪೈಪಿನಲ್ಲಿ ಅಲೆ ಏರುವಾಗ ಇದು ಇಳಿಯುತ್ತದೆ. ಎರಡೂ ಸೇರಿ ಸೊನ್ನೆಯ ಹತ್ತಿರ. ನೀವು ಕೇಳಿದ್ದೂ ಇದನ್ನೇ ಅಲ್ವಾ, ಹರಿವಿಗೆ ಅಡ್ಡಿ ಇಲ್ಲದೆ ಸದ್ದು ಇಳಿಸುವುದು?

ಉದ್ದ ಎಷ್ಟು? ಸೆಕೆಂಡಿಗೆ 458 ಮೀಟರ್ ಲೆಕ್ಕ ಹಿಡಿದರೆ ಅಲೆ 7.2 ಮೀಟರ್, ಕಾಲು ಭಾಗ 1.8 ಮೀಟರ್. ಇಲ್ಲಿ ನಾನೇ ಒಮ್ಮೆ ಎಡವಿದ್ದೇನೆ. ಶಹಾಬಾದ್ ಕಲ್ಲು ಸಾಗಿಸುವ ಗಾಡಿಯೊಂದಕ್ಕೆ ಹೀಗೇ ಲೆಕ್ಕ ಹಾಕಿ, 1.8 ಮೀಟರ್ ಕವಲು ಕೂಡಿಸಿ, ಮೀಸೆ ತಿರುವಿಕೊಂಡು ಟ್ರಯಲ್‌ಗೆ ಹೋದೆ. ಸದ್ದು ಹಾಗೇ ಇತ್ತು. ಮಾಲೀಕರು ಏನೂ ಅನ್ನಲಿಲ್ಲ, ಸುಮ್ಮನೆ ನನ್ನ ಮುಖ ನೋಡಿದರು. ವಾಪಸ್ ಬಂದು ಗಾಡಿ ಕೆಳಗೆ ನುಸುಳಿದೆ. ಮುಖ್ಯ ಪೈಪಿಗೆ ನೀರು ಚಿಮುಕಿಸಿದರೆ ಚುಂಯ್ ಅಂತ ಕ್ಷಣದಲ್ಲಿ ಮಾಯ. ಕವಲಿನ ಮುಚ್ಚಿದ ತುದಿಗೆ ಚಿಮುಕಿಸಿದರೆ ಹನಿ ಹಾಗೇ ಜಾರಿ ಕೆಳಗೆ ತೊಟ್ಟಿಕ್ಕಿತು. ಆಗ ಹೊಳೆಯಿತು. ಕವಲಿನಲ್ಲಿ ಹೊಗೆ ಹರಿಯುವುದಿಲ್ಲ ಅಂದ ಮೇಲೆ ಒಳಗಿನ ಗಾಳಿ ಅಷ್ಟು ಬಿಸಿ ಆಗುವುದೂ ಇಲ್ಲ. ಸರಾಸರಿ 120 ಡಿಗ್ರಿ ಅಂದುಕೊಂಡರೂ ಅಲ್ಲಿ ಸದ್ದಿನ ವೇಗ ಸೆಕೆಂಡಿಗೆ 400 ಮೀಟರ್ ಸಹ ಇಲ್ಲ. ಅಂದರೆ ಬೇಕಾದ ಉದ್ದ 1.57 ಮೀಟರಿನ ಹತ್ತಿರ. ಸ್ವಲ್ಪ ಸ್ವಲ್ಪವಾಗಿ ಕತ್ತರಿಸುತ್ತಾ ಬಂದೆ. 1.6ಕ್ಕೆ ಬಂದಾಗ ಗೂಂ ಅನ್ನುವುದು ಕ್ಯಾಬಿನ್‌ನಿಂದ ಎದ್ದು ಹೋಯಿತು.

ಅದಕ್ಕೇ ಹೇಳುತ್ತೇನೆ, ಉದ್ದ ಇಟ್ಟುಕೊಂಡು ಶುರು ಮಾಡಿ, ಆಮೇಲೆ ಕತ್ತರಿಸಿ. 1.8ರಿಂದ ಆರಂಭಿಸಿ, ಒಂದೊಂದು ಸಲಕ್ಕೆ ಐದು ಸೆಂಟಿಮೀಟರ್ ಸಾಕು. ತುದಿಯನ್ನು ಮೊದಲೇ ವೆಲ್ಡ್ ಮಾಡಿಬಿಡಬೇಡಿ, ಕ್ಲಾಂಪ್ ಹಾಕಿ ಬಿಗಿಯುವ ಮುಚ್ಚಳ ಇಟ್ಟುಕೊಳ್ಳಿ. ಪ್ರತಿ ಸಲ ಕತ್ತರಿಸಿದ ಮೇಲೆ ಮುಚ್ಚಳ ಸೋರದಂತೆ ಬಿಗಿದಿದೆಯಾ ನೋಡಿ, ಸೋರಿದರೆ ಕವಲು ಕೆಲಸವನ್ನೇ ಮಾಡುವುದಿಲ್ಲ. ಕವಲಿನ ವ್ಯಾಸ ಮುಖ್ಯ ಪೈಪಿನಷ್ಟೇ ಇರಲಿ. ತೆಳ್ಳಗಿನ ಪೈಪ್ ಹಾಕಿದರೆ ಫಲ ಕಡಿಮೆ. ಎಲ್ಲಿ ಕೂಡಿಸಬೇಕು ಅನ್ನುವುದಕ್ಕೂ ಲೆಕ್ಕ ಇದೆ. ನಿಮ್ಮ 12 ಅಡಿ ಪೈಪಿನಲ್ಲಿ ಒತ್ತಡ ಅತಿ ಹೆಚ್ಚು ಏರಿಳಿಯುವುದು ಸರಿಯಾಗಿ ನಡುವೆ. ಹಾಗಾಗಿ ಆರು ಅಡಿಯ ಆಸುಪಾಸಿನಲ್ಲಿ ಕವಲು ಬರಲಿ. ಬಂಪರ್ ಹತ್ತಿರ ಹಾಕಿದರೆ ಅಲಂಕಾರಕ್ಕಷ್ಟೇ.

ಪೈಪ್ ಆರಿಸುವಾಗ ಒಂದು ಎಚ್ಚರ. ಅಗ್ಗಕ್ಕೆ ಸಿಗುತ್ತದೆ ಅಂತ ನೀರಿನ ಜಿಐ ಪೈಪ್ ತರಬೇಡಿ. ಅದರ ಸತುವಿನ ಲೇಪ ವೆಲ್ಡಿಂಗ್ ಬಿಸಿಗೆ ಬಿಳಿ ಹೊಗೆಯಾಗಿ ಏಳುತ್ತದೆ. ಅದನ್ನು ಕುಡಿದ ವೆಲ್ಡರ್‌ಗೆ ರಾತ್ರಿ ಚಳಿ ಜ್ವರ ಬರುತ್ತದೆ. ಸೈಲೆನ್ಸರ್‌ಗೆ ಅಂತಲೇ ಬರುವ ಪೈಪ್ ತನ್ನಿ. ವೆಲ್ಡ್ ಮಾಡುವ ಮೊದಲು ಬ್ಯಾಟರಿಯ ಮೈನಸ್ ಬಿಚ್ಚಿಸಿ, ಇಲ್ಲದಿದ್ದರೆ ಇಸಿಯುಗೆ ಹೊಡೆತ ಬೀಳಬಹುದು. ಕವಲು ಕೆಳಮುಖವಾಗಿದ್ದರೆ ಅದರಲ್ಲಿ ನೀರು ನಿಂತು ಒಳಗಿಂದ ತುಕ್ಕು ತಿನ್ನುತ್ತದೆ. ತುದಿಯನ್ನು ತುಸು ಮೇಲೆ ಎತ್ತಿ ಕಟ್ಟಿಸಿ. ಡೀಸೆಲ್ ಪೈಪ್, ಬ್ರೇಕ್ ಪೈಪ್, ವೈರಿಂಗ್‌ನಿಂದ ದೂರ ಇರಲಿ. ಡೀಸೆಲ್ ಪೈಪಿಗೂ ಹೊಗೆ ಪೈಪಿಗೂ ಕನಿಷ್ಠ 35 ಮಿಲಿಮೀಟರ್ ಅಂತರ ನಿಯಮದಲ್ಲೇ ಇದೆ, ಕೈಯಗಲ ಬಿಟ್ಟರೆ ಇನ್ನೂ ಒಳ್ಳೆಯದು. ಸುಗ್ಗಿಯಲ್ಲಿ ಹೊಲಕ್ಕೇ ಗಾಡಿ ಇಳಿಸುವವರಾದರೆ ತೀರಾ ತಗ್ಗಿಗೆ ಕಟ್ಟಬೇಡಿ. ಒಣಗಿದ ತೊಗರಿ ಕಟ್ಟಿಗೆ, ಜೋಳದ ಕಣಿಕೆ ಬಿಸಿ ಪೈಪಿಗೆ ಸಿಕ್ಕಿಕೊಂಡರೆ ಬೆಂಕಿ.

ಜೆ ಪೈಪಿಗೆ ಒಂದು ಮಿತಿ ಇದೆ. ಅದು ಒಂದೇ ಸ್ವರವನ್ನು, ಅದರ ಅಕ್ಕಪಕ್ಕದ ಚೂರನ್ನು ಕೊಲ್ಲುತ್ತದೆ. ನಿಮಗೆ ಖಾಲಿಯಲ್ಲಿ 1900, ಲೋಡಿನಲ್ಲಿ 2050. ಬಿಸಿ ಏರಿದಾಗ ಕವಲೂ ಸ್ವಲ್ಪ ಜೊತೆಗೆ ಸರಿಯುತ್ತದೆ, ಆದರೆ ಪೂರ್ತಿ ಸರಿಯುವುದಿಲ್ಲ. ನಡುವಿನ ಒಂದು ಉದ್ದಕ್ಕೆ ನಿಲ್ಲಿಸಿದರೆ ಎರಡು ಕಡೆಯೂ ತಡೆದುಕೊಳ್ಳುವಷ್ಟಕ್ಕೆ ಇಳಿಯುತ್ತದೆ. ಪೂರ್ತಿ ಮೌನ ಬೇಕು ಅಂದರೆ ಮೊದಲ ಆಯ್ಕೆಗೇ ಹೋಗಬೇಕು.

ಕ್ಯಾಬಿನ್ ಒಳಗೆ ಸ್ಪಂಜ್ ಹೊದಿಸುವುದನ್ನು ನೀವು ಕೇಳಿಲ್ಲ, ಯಾರಾದರೂ ಹೇಳೇ ಹೇಳುತ್ತಾರೆ. ಗೂಂ ಸದ್ದಿಗೆ ಸ್ಪಂಜ್ ಏನೂ ಮಾಡುವುದಿಲ್ಲ. ಸೀಟಿನ ಹಿಂದಿನ ತಗಡಿಗೆ ಭಾರದ ಬ್ಯುಟೈಲ್ ರಬ್ಬರ್ ಹಾಳೆ ಅಂಟಿಸಿದರೆ ತಗಡಿನ ನಡುಕ ಒಂದಿಷ್ಟು ಇಳಿಯುತ್ತದೆ. ಆದರೆ ಅದನ್ನು ಕೊನೆಗೆ ಮಾಡಿ.

ಕಾನೂನಿನ ಮಾತು ಎರಡೇ ಸಾಲು. ಪ್ರತಿ ಗಾಡಿಗೂ ಸೈಲೆನ್ಸರ್ ಇರಲೇಬೇಕು ಅಂತ ಕೇಂದ್ರ ಮೋಟಾರು ವಾಹನ ನಿಯಮಗಳ 120ನೇ ನಿಯಮ ಹೇಳುತ್ತದೆ. ಸದ್ದು, ಹೊಗೆಯ ಮಿತಿ ಮೀರಿದರೆ 2019ರ ತಿದ್ದುಪಡಿಯ ನಂತರ ಮೊದಲ ಸಲಕ್ಕೇ 10,000 ರೂಪಾಯಿ ತನಕ ದಂಡ, ಮೂರು ತಿಂಗಳು ಲೈಸೆನ್ಸ್ ಅನರ್ಹತೆ ಬೀಳಬಹುದು. ಕವಲು ಹಾಕಿಸುವ ಮೊದಲು ಆರ್‌ಟಿಒದಲ್ಲಿ ಒಂದು ಮಾತು ಕೇಳಿ. ನಿಮ್ಮ ಗಾಡಿಯಲ್ಲಿ ಟರ್ಬೊ ಆದಮೇಲೆ ಇರುವ, ಹೊಗೆಯ ವಿಷ ಇಳಿಸುವ ಕ್ಯಾಟ್ ಕನ್ವರ್ಟರ್ ಮುಟ್ಟಬೇಡಿ. ಇದನ್ನು ಓದುತ್ತಿರುವ ಬಿಎಸ್ 6 ಗಾಡಿಯವರೂ ಕೇಳಿ: ನಿಮ್ಮಲ್ಲಿ ಸೆನ್ಸರ್‌ಗಳು ಪೈಪಿನ ಮೇಲೇ ಕೂತಿವೆ. ಮಸಿ ಹಿಡಿಯುವ ಫಿಲ್ಟರ್ ತೆಗೆಸಿದರೆ ಸದ್ದೂ ಏರುತ್ತದೆ, ಗಾಡಿ ಲಿಂಪ್ ಮೋಡ್‌ಗೂ ಹೋಗುತ್ತದೆ, ಅಂದರೆ ಇಸಿಯು ಎಳೆತವನ್ನೇ ಕಡಿತ ಮಾಡುತ್ತದೆ.

ಇವ್ಯಾವೂ ಈ ವಾರ ಆಗುವುದಿಲ್ಲ ಅಂದರೆ, ಖಾಲಿ ಬರುವಾಗ 1750ಕ್ಕೆ ಇಳಿಸಿಕೊಂಡು ಓಡಿಸಿ. ಮನೆ ಮುಟ್ಟುವುದು ಸ್ವಲ್ಪ ತಡ ಆಗಬಹುದು, ಕಿವಿಗೆ ಆರಾಮ. ಜೆ ಪೈಪ್ ಹಾಕಿಸುವುದಾದರೆ ಅದರ ಉದ್ದವನ್ನು ಗ್ಯಾರೇಜಿನಲ್ಲಿ ನಿಂತು ರೇಸ್ ಮಾಡಿ ತೀರ್ಮಾನಿಸಬೇಡಿ, ತಣ್ಣಗಿನ ಪೈಪ್ ಸುಳ್ಳು ಹೇಳುತ್ತದೆ. ಲೋಡ್ ಹಾಕಿಕೊಂಡು ಕಮಲಾಪುರದ ತನಕ ಹೋಗಿ, ಖಾಲಿಯಲ್ಲೂ ಒಂದು ಸಲ ಹೋಗಿ ಬನ್ನಿ. ಎರಡು ಸಲವೂ ಸದ್ದು ಯಾವ ಆರ್‌ಪಿಎಂಗೆ ಬಂತು ಅಂತ ಬರೆದಿಟ್ಟುಕೊಳ್ಳಿ. ಮುಚ್ಚಳ ವೆಲ್ಡ್ ಮಾಡಿಸುವುದು ಅದಾದ ಮೇಲೆ.